ಸುಲಿಸ್ ದೇವಿಗೆ ಸಲ್ಲಿಸಿದ ದೂರುಗಳು

23 ನವೆಂಬರ್ 2024, ಶನಿವಾರ

ಬ್ರಿಟನ್, ಐರ್ಲೆಂಡ್ ಮೊದಲಾದೆಡೆ ಹಿಂದೆ ನೆಲೆಸಿದ್ದ ಕೆಲ್ಟಿಕ್ ಜನರ ದೇವಿಯರೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಐರ್ಲೆಂಡಿನ ಬ್ರಿಗಿಡ್, ಮಾರಿಗನ್. ಅವರ ಕಥೆಗಳು ನಮ್ಮವರೆಗೆ ಬಂದಿರುವುದು ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ಹಸ್ತಪ್ರತಿಗಳ ಮೂಲಕ. ಇಂಗ್ಲೆಂಡಿನ ಬಾತ್ ಪಟ್ಟಣದ ಸುಲಿಸ್‌ಗೆ ಅಂಥ ಒಂದು ಕಥೆಯೂ ಉಳಿದಿಲ್ಲ. ಉಳಿದಿರುವುದು, ಅವಳನ್ನು ನಂಬಿದವರು ಕಂಟ ಹಿಡಿದು ಗೀಚಿ ಅಲ್ಲಿನ ಬಿಸಿನೀರ ಬುಗ್ಗೆಗೆ ಎಸೆದ ಸುಮಾರು 130 ಲೋಹದ ತಗಡುಗಳು. ಒಬ್ಬ ದೇವಿಯನ್ನು ಅರಿಯಲು ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಮೊದಲು ನೀರಿನ ವಿಷಯ. ಮೆಂಡಿಪ್ ಗುಡ್ಡಗಳ ಮೇಲೆ ಸುರಿದ ಮಳೆ ಸುಣ್ಣಕಲ್ಲಿನೊಳಗೆ ಬಹಳ ಆಳಕ್ಕೆ ಇಳಿದು, ಕಾದು, ಬಂಡೆಯ ಬಿರುಕುಗಳಲ್ಲಿ ಮೇಲೇರಿ ಬರುತ್ತದೆ. ಹೊರಬರುವಾಗ ಬಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ನೀರು. ಕ್ರಿ.ಶ. ಮೊದಲ ಶತಮಾನದಲ್ಲಿ ರೋಮನ್ನರು ಕೆಸರಿನಲ್ಲಿ ಓಕ್ ಮರದ ಗೂಟ ಬಡಿದು, ಸುತ್ತ ಗೋಡೆ ಕಟ್ಟಿ, ಒಳಗೆ ಸೀಸದ ಹಾಳೆ ಹೊದಿಸಿ ಬುಗ್ಗೆಯನ್ನು ಕೊಳವಾಗಿಸಿದರು. ಅದರ ತಳದ ಮರಳು, ಹೂಳಿನಲ್ಲೇ ತಗಡುಗಳು ಉಳಿದುಕೊಂಡವು. 1978ರಲ್ಲಿ ನೀರಿನಲ್ಲಿ ಮಾರಕ ಅಮೀಬಾ ಸಿಕ್ಕಿ ಸ್ನಾನ ನಿಂತಿತು. ಆಮೇಲೆ, 1979-80ರಲ್ಲಿ, ಪುರಾತತ್ವಜ್ಞ ಬ್ಯಾರಿ ಕನ್ಲಿಫ್ ಅವರ ತಂಡ ಅಲ್ಲಿ ಅಗೆಯಿತು. 12,000ಕ್ಕೂ ಮಿಕ್ಕಿ ರೋಮನ್ ನಾಣ್ಯಗಳೂ ಅದೇ ಬುಗ್ಗೆಯಿಂದ ಬಂದವು.

ತಗಡು ಮಾಡುವ ಕ್ರಮ ಸರಳ. ಸೀಸಕ್ಕೆ ತವರ ಬೆರೆಸಿ ಕರಗಿಸಿ, ಆರಿದ ಮೇಲೆ ತೆಳ್ಳಗೆ ಬಡಿಯುವುದು. ಲೋಹ ಮೆತ್ತಗಿರುವುದರಿಂದ ಮೊನೆಯಿಂದ ಗೀಚಿದರೆ ಅಕ್ಷರ ಮೂಡುತ್ತದೆ. ಬರೆದಾದ ಮೇಲೆ ಮಡಚಿ ಅಥವಾ ಸುರುಳಿ ಸುತ್ತಿ ನೀರಿಗೆ. ಮಡಚಿದ ಮೇಲೆ ಮನುಷ್ಯರು ಓದುವ ಹಾಗಿಲ್ಲ, ಅದು ದೇವಿಗೆ ಮಾತ್ರ.

ಇವನ್ನು ‘ಶಾಪದ ತಗಡು’ ಎಂದು ಕರೆಯುವುದು ರೂಢಿ. ‘ದೂರು’ ಎಂದರೆ ಹೆಚ್ಚು ಸರಿ. ಬಹುಪಾಲು ಕಳ್ಳತನದ ದೂರುಗಳೇ, ಅದೂ ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟ ಬಟ್ಟೆ, ಚಿಲ್ಲರೆ ಹಣ, ಉಂಗುರ. ಡೊಸಿಮೆಡಿಸ್ ಎಂಬವನದು ಎರಡು ಕೈಗವಸು; ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎನ್ನುತ್ತಾನೆ. ಡೊಸಿಲಿಯಾನಸ್‌ನದು ಕುಲಾವಿ ಇರುವ ಮೇಲಂಗಿ. ಕಳ್ಳ ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಸ್ವತಂತ್ರನಾಗಲಿ, ಮೇಲಂಗಿಯನ್ನು ಗುಡಿಗೆ ತಂದೊಪ್ಪಿಸುವ ತನಕ ನಿದ್ದೆಯೂ ಬೇಡ, ಮಕ್ಕಳೂ ಬೇಡ. ಈ ‘ಆಗಲಿ, ಆಗಲಿ’ ಬರಿಯ ಆವೇಶದ ಮಾತಲ್ಲ. ಕಳ್ಳ ಯಾರೆಂದು ಗೊತ್ತಿಲ್ಲ. ಒಂದು ಬಗೆಯವರನ್ನು ಬಿಟ್ಟರೂ ಅವನು ಅಲ್ಲಿಂದ ನುಸುಳಿಕೊಳ್ಳುತ್ತಾನೆ ಎಂಬ ಎಚ್ಚರ. ಅನ್ನಿಯಾನಸ್ ಆರು ಬೆಳ್ಳಿ ನಾಣ್ಯ ಕಳೆದುಕೊಂಡು ‘ಕ್ರೈಸ್ತನಾಗಲಿ ಅಲ್ಲದವನಾಗಲಿ’ ಎಂದೂ ಸೇರಿಸಿದ್ದಾನೆ. ಜೊತೆಗೆ ಹದಿನೆಂಟು ಹೆಸರುಗಳ ಪಟ್ಟಿ.

ಇದಕ್ಕಿಂತ ಜಾಣ ಅಂಶ ಇನ್ನೊಂದಿದೆ. ಕೆಲವು ತಗಡುಗಳಲ್ಲಿ ಕಳೆದುಹೋದ ವಸ್ತುವನ್ನೇ ದೇವಿಗೆ ‘ಕೊಟ್ಟಿದ್ದೇನೆ’ ಎಂದು ಬರೆದಿದ್ದಾರೆ. ಆ ಮಾತು ಬಿದ್ದ ಗಳಿಗೆಯಿಂದ ಮಾಲು ಸುಲಿಸ್‌ನದು, ಕಳ್ಳ ಕದ್ದದ್ದು ದೇವಿಯ ಸೊತ್ತನ್ನು. ವಸೂಲಿ ಇನ್ನು ಅವಳ ಹೊಣೆ. ರೋಮನ್ನರು ಅವಳನ್ನು ತಮ್ಮ ದೇವಿ ಮಿನರ್ವಾಳ ಜೊತೆ ಸೇರಿಸಿದರು. 1727ರಲ್ಲಿ ಚರಂಡಿ ತೋಡುವಾಗ ಸಿಕ್ಕ, ಚಿನ್ನದ ಲೇಪವಿರುವ ಅವಳ ಕಂಚಿನ ತಲೆಯ ರೂಪವೂ ಪೂರ್ತಿ ರೋಮನ್. ಆದರೂ ಜೋಡಿ ಹೆಸರಿನಲ್ಲಿ ಸುಲಿಸ್ ಮುಂದೆ, ಮಿನರ್ವಾ ಹಿಂದೆ. ಊರಿನ ಹೆಸರೂ ‘ಸುಲಿಸ್‌ಳ ನೀರು’ ಎಂದೇ ಇತ್ತು.

ಓದುವಾಗ ಎಡವುವುದು ಸುಲಭ. ಸುರುಳಿ ಬಿಚ್ಚುವಾಗ ಲೋಹ ಮಡಿಕೆಯಲ್ಲಿ ಸೀಳುತ್ತದೆ, ಸೀಳು ಹೋದಲ್ಲಿ ಅಕ್ಷರ ಹೋಯಿತು. ಗೀರುಗಳು ತೆಳು, ಎದುರಿನಿಂದ ಬೆಳಕು ಬಿಟ್ಟರೆ ಕಾಣುವುದಿಲ್ಲ, ಪಕ್ಕದಿಂದ ತಗ್ಗಾಗಿ ಬಿಡಬೇಕು. ಆಗ ಗೀರಿನ ನೆರಳು ಬೀಳುತ್ತದೆ. ದೀಪದ ದಿಕ್ಕು ಬದಲಿಸುತ್ತ ಮತ್ತೆ ಮತ್ತೆ ನೋಡಬೇಕು, ಇಲ್ಲವಾದರೆ ಸವೆತದ ಗೆರೆಯನ್ನೂ ಅಕ್ಷರವೆಂದು ಓದಿಬಿಡುತ್ತೇವೆ. ಬರಹವಂತೂ ನಮ್ಮ ಮೋಡಿ ಬರಹದ ಹಾಗೆ ಓಡುವಂಥದು. ಅದರ ಶೈಲಿ ಹಳೆಯದೋ ಹೊಸದೋ ಎಂಬುದರಿಂದಲೇ ತಗಡಿನ ಕಾಲವನ್ನು ಅಂದಾಜು ಮಾಡುವುದು. ಕೆಲವರು ಬೇಕೆಂದೇ ಪ್ರತಿ ಪದದ ಅಕ್ಷರಗಳನ್ನು ಹಿಂದುಮುಂದಾಗಿ ಬರೆದಿದ್ದಾರೆ. 1880ರಲ್ಲಿ ಸಿಕ್ಕ ‘ವಿಲ್ಬಿಯಾ’ ತಗಡು ಹಾಗಿದೆ. ವಿಲ್ಬಿಯಾಳನ್ನು ಒಯ್ದವನು ನೀರಿನಂತೆ ಕರಗಲಿ ಎಂಬುದನ್ನು ಬಹುಕಾಲ ಹೆಣ್ಣಿನ ಅಪಹರಣವೆಂದೇ ಓದಿದರು. ಅದು ಹೆಣ್ಣಿನ ಹೆಸರಲ್ಲ, ಯಾವುದೋ ಹತ್ಯಾರಿನ ಹೆಸರು ಎಂಬ ವಾದವೂ ಈಗ ಇದೆ. ಕೈಗವಸು, ಉಂಗುರಗಳ ನಡುವೆ ಆ ಓದೇ ನನಗೆ ಹೆಚ್ಚು ಹೊಂದುತ್ತದೆ.

ದೊಡ್ಡ ಎಡವಟ್ಟು 1904ರದು. ಆಕ್ಸ್‌ಫರ್ಡಿನ ಬಾಡ್ಲಿ ಗ್ರಂಥಾಲಯದ ಮುಖ್ಯಸ್ಥ ನಿಕೊಲ್ಸನ್ ಒಂದು ತಗಡನ್ನು ಓದಿ, ಇದು ಕ್ರೈಸ್ತನೊಬ್ಬ ಬರೆದ ಪತ್ರ ಎಂದು ಪ್ರಕಟಿಸಿದರು. ಬಾತ್‌ನ ತಗಡುಗಳನ್ನೆಲ್ಲ 1988ರಲ್ಲಿ ಪ್ರಕಟಿಸಿದ ರೋಜರ್ ಟಾಮ್ಲಿನ್, ಮುಂದೆ ಅದನ್ನೂ ಪರೀಕ್ಷಿಸಿದಾಗ ತಿಳಿಯಿತು: ನಿಕೊಲ್ಸನ್ ತಗಡನ್ನು ತಲೆಕೆಳಗಾಗಿ ಹಿಡಿದಿದ್ದರು.

ಕೆಲವು ತಗಡುಗಳಲ್ಲಿ ಅಕ್ಷರವೇ ಇಲ್ಲ, ಸಾಲುಸಾಲಾಗಿ ಬರಹದಂತೆ ಕಾಣುವ ಗೀರು ಮಾತ್ರ. ಬರೆಯಲು ಬಾರದವರೂ ದೂರು ಸಲ್ಲಿಸುತ್ತಿದ್ದರು. ಇನ್ನೆರಡರಲ್ಲಿ ಲಿಪಿ ರೋಮನ್ನರದು, ಮಾತು ಲ್ಯಾಟಿನ್ ಅಲ್ಲ. ಅದು ಬ್ರಿಟನ್ನಿನ ಹಳೆಯ ಕೆಲ್ಟಿಕ್ ನುಡಿಯಿರಬಹುದು ಎಂದು ಊಹೆ. ಹಾಗಿದ್ದರೆ, ಕೊಳಕ್ಕೆ ಗೋಡೆ ಏಳುವ ಮೊದಲು ಕೆಸರಿನ ಅಂಚಿನಲ್ಲಿ ನಿಂತವರು ಅವಳನ್ನು ಕರೆದದ್ದು ಆ ಮಾತಿನಲ್ಲೇ.