ಹಾರ್ಮೋನಿಯಂ ಕಟ್ಟಿದ ಸೈಕಲ್ಲು

ಕೊಪ್ಪಳ, 18 ಆಗಸ್ಟ್ 2024, ಭಾನುವಾರ

ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಸ್ಟಾಪ್‌ಲಾಗ್ ಕೂರಿಸಿದ ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದೆ. 10ರ ರಾತ್ರಿ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗಿನಿಂದ ಅವಳದು ಒಂದೇ ಮಾತು: "ನಿಮ್ಮಪ್ಪ ಇದ್ದಿದ್ದರೆ ಈ ಹೊತ್ತಿಗೆ ಮುನಿರಾಬಾದಿನಲ್ಲಿ ಇರುತ್ತಿದ್ದರು." ನಿಜ. 33 ಗೇಟುಗಳಲ್ಲಿ ಎಷ್ಟು ತೆರೆದಿದ್ದಾರೆಂದು ಕಣ್ಣಾರೆ ಎಣಿಸಿ ಬಾರದಿದ್ದರೆ ಅಪ್ಪನಿಗೆ ಮಳೆಗಾಲ ಬಂದಂತೆಯೇ ಆಗುತ್ತಿರಲಿಲ್ಲ. ಹೊರಟನೆಂದರೆ ಹೊರಟನೇ. ಹುಲಿಗೆಮ್ಮನ ಗುಡಿಯಲ್ಲಿ ಮಲಗಿ, ಆನೆಗೊಂದಿಯಲ್ಲಿ ಹರಿಗೋಲು ಹತ್ತಿ, ಮನಸ್ಸು ಬಂದಾಗ ಮನೆಗೆ ಬರುತ್ತಿದ್ದ.

ಅಪ್ಪ ಬಯಲಾಟದ ಮಾಸ್ತರ. ಸುಗ್ಗಿ ಮುಗಿದು ಕಣ ಬರಿದಾಗುತ್ತಿದ್ದಂತೆ ಯಾವುದಾದರೂ ಹಳ್ಳಿಯಿಂದ ಕರೆ ಬರುತ್ತಿತ್ತು. ಸೈಕಲ್ಲಿನ ಕ್ಯಾರಿಯರಿಗೆ ಹಾರ್ಮೋನಿಯಂ ಕಟ್ಟಿ ಹೋದರೆ, ಅಲ್ಲಿಯ ಹುಡುಗರಿಗೆ ಹೆಜ್ಜೆ, ಪದ, ಮಾತು ಎಲ್ಲ ಕೂಡಿ ಬರುವ ತನಕ ತಾಲೀಮು. ರಾಜನ ಪಾತ್ರ ಊರ ಗೌಡರ ಮಗನಿಗೇ ಸಲ್ಲಬೇಕೆಂದು ಹಟ ಹಿಡಿದ ಒಂದು ಊರಿನಿಂದ ಅಪ್ಪ ಎದ್ದು ಬಂದಿದ್ದ. ಕುರಿ ಕಾಯುವ ಹುಡುಗನ ಕಂಠಕ್ಕೆ ಮನಸೋತು ಅವನನ್ನೇ ದುರ್ಯೋಧನ ಮಾಡಬೇಕೆಂದಿದ್ದನಂತೆ. ಕೊನೆಗೆ ಆ ಊರಿನವರೇ ಬಂದು ಕರೆದೊಯ್ದರು. ಆ ಆಟ ನಾನು ನೋಡಿದ್ದೇನೆ. ಭುಜಕೀರ್ತಿ, ಕಿರೀಟ ತೊಟ್ಟು ಅವನು ರಂಗಕ್ಕೆ ಹಾರಿದಾಗ ಹಲಗೆಗಳು ನಡುಗಿದವು. ಬೆಳಗಿನ ಮಂಗಳದವರೆಗೆ ಒಬ್ಬರೂ ಕದಲಲಿಲ್ಲ. ನನ್ನ ಅಪ್ಪ ದೊಡ್ಡವನೆಂದು ನನಗೆ ಅನ್ನಿಸಿದ್ದು ಅಂದೇ.

ಇಷ್ಟಕ್ಕೆ ಅವನು ತರುತ್ತಿದ್ದದ್ದು ಒಂದು ಶಾಲು, ತೆಂಗಿನಕಾಯಿ, ಹೆಚ್ಚೆಂದರೆ ಒಂದು ಚೀಲ ಜೋಳ. ಹೊಲ, ದನ, ಸಾಲ, ನಮ್ಮ ಶಾಲೆ ಎಲ್ಲವೂ ಅವ್ವನ ಹೆಗಲ ಮೇಲೆ. ಅಪ್ಪ ಹಾಗೆ ತಿರುಗಾಡಲು ಸಾಧ್ಯವಾದದ್ದು ಅವಳು ದುಡಿದದ್ದರಿಂದ. ಇದನ್ನು ಬರೆಯದೆ ಅವನನ್ನು ಹೊಗಳಲಾರೆ.

ಆದರೆ ತನಗೆ ಸಿಕ್ಕ ಸಡಿಲನ್ನು ಅವನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ಹತ್ತನೇ ತರಗತಿ ಮುಗಿಯುತ್ತಲೇ ನನಗೆ ಗಂಡು ನೋಡಲು ಬಂಧುಗಳು ಕುಳಿತಾಗ, "ನನ್ನನ್ನು ಯಾರೂ ಕಟ್ಟಿಹಾಕಲಿಲ್ಲ, ಇವಳನ್ನು ನಾನು ಹೇಗೆ ಕಟ್ಟಲಿ?" ಎಂದು ಧಾರವಾಡದ ರೈಲು ಹತ್ತಿಸಿದ. ಆಗ ಅವ್ವ ಬಳೆ ಒತ್ತೆಯಿಟ್ಟಳು.

ಅಜ್ಜನಾದ ಮೇಲೆ ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಬದಲು ನನ್ನ ಮಗಳು ಕೂತಳು. ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ರೊಟ್ಟಿ ಹೊತ್ತು ಬರುವ ಟ್ರ್ಯಾಕ್ಟರುಗಳನ್ನು ತೋರಿಸುವುದು, ದಾಸೋಹದಲ್ಲಿ ಬಡಿಸುವವರ ಸಾಲಿಗೆ ಅವಳನ್ನೂ ನಿಲ್ಲಿಸುವುದು, ಪಾಲ್ಕಿಗುಂಡಿನ ಬಂಡೆ ಹತ್ತಿಸಿ ಅಶೋಕನ ಶಾಸನದ ಸವೆದ ಬ್ರಾಹ್ಮಿ ಅಕ್ಷರಗಳ ಮುಂದೆ ಕೂರಿಸುವುದು. ಚಿಕ್ಕವರೂ ದೊಡ್ಡವರೂ ಸಮನಾಗಿ ಶ್ರಮಿಸಬೇಕೆಂದು ಅದರಲ್ಲಿದೆ ಎಂದು ಯಾರೋ ಮೇಷ್ಟರಿಂದ ಕೇಳಿ ತಿಳಿದುಕೊಂಡಿದ್ದ. "ನೋಡು ತಂಗಿ, ಅಷ್ಟು ದೊಡ್ಡ ಅರಸು ಚಿಕ್ಕವರನ್ನು ಮೊದಲು ಹೇಳಿದ್ದಾನೆ" ಎನ್ನುತ್ತಿದ್ದನಂತೆ. ಅವಳಿಗೆ ಅದು ಇನ್ನೂ ಬಾಯಿಪಾಠ.

ಆಟದ ವಹಿಗಳು ಅಟ್ಟದಲ್ಲಿವೆ. ಮಗಳೂ ನಾನೂ ಇವತ್ತು ಇಳಿಸಿ ನೋಡಿದೆವು, ಎರಡಕ್ಕೆ ಗೆದ್ದಲು ತಾಗಿದೆ. ಅಂದಿನ ದುರ್ಯೋಧನ ಈಗ ತಾನೇ ಮಾಸ್ತರ. ಸುಗ್ಗಿಯ ನಂತರ ಹುಡುಗರಿಗೆ ಕಲಿಸಲು ಪ್ರತಿ ಬೇಕೆಂದು ಕೇಳಿದ್ದಾನೆ. ಗೆದ್ದಲು ಹಿಡಿದವನ್ನು ಮೊದಲು ನಕಲು ಮಾಡುತ್ತೇವೆ. ಅಪ್ಪನ ಕೂಡಕ್ಷರ ಓದಲು ಅವ್ವ ಬೇಕು.