ತೂತಿಲ್ಲದ ಡಬ್ಬಿ ಉಸಿರಾಡುವುದು ಹೇಗೆ?

ಅಬುಧಾಬಿಯ ರುವೈಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಪುತ್ತೂರಿನವರು. ಅವರ ಚಿಕ್ಕ ಮಗ ಮೊನ್ನೆ ಮೇಜಿನ ಮೇಲಿದ್ದ ಕೈಗಾರಿಕಾ ಆಕ್ಸೆಸ್ ಪಾಯಿಂಟನ್ನು (ಕಾರ್ಖಾನೆ, ಬಂದರುಗಳಲ್ಲಿ ವೈಫೈ ಕೊಡುವ ಡಬ್ಬಿ) ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಫ್ಯಾನೂ ಇಲ್ಲ, ತೂತೂ ಇಲ್ಲ. ಉಸಿರು ಎಲ್ಲಿಂದ ಬಿಡ್ತದೆ?" ಅಂದ. ಟೆಂಡರ್ ಬರೆಯುವವರು ಕೇಳಬೇಕಾದ ಪ್ರಶ್ನೆ ಇದು. ಅವರೋ ವೇಗ ಎಷ್ಟು, ಬೆಲೆ ಎಷ್ಟು ಎಂದು ಕೇಳಿ ಸುಮ್ಮನಾಗುತ್ತಾರೆ.

ಮನೆಯ ರೌಟರ್ ಸಾಮಾನ್ಯವಾಗಿ 0ರಿಂದ 40 ಡಿಗ್ರಿಗೆ ಮಾಡಿದ್ದು. ಇಲ್ಲಿ ಜುಲೈನಲ್ಲಿ ನೆರಳೇ 45 ಮುಟ್ಟುತ್ತದೆ. ನೇರ ಬಿಸಿಲಿಗೆ ಬಿದ್ದ ಡಬ್ಬಿಯ ಒಳಗೆ ಅದರ ಮೇಲೆ ಇನ್ನೂ 15–20 ಡಿಗ್ರಿ ಏರಬಹುದು. ಅದಕ್ಕೇ −40ರಿಂದ +75 ಡಿಗ್ರಿಯ, ಲೋಹದ ಮೈಯೇ ಬಿಸಿ ಹೊರಬಿಡುವ ಹೀಟ್‌ಸಿಂಕ್ ಆಗಿರುವ ಮಾದರಿ ಬೇಕು. ಆದರೆ ಡೇಟಾಶೀಟಿನ ಆ 75 ಸುತ್ತಲಿನ ಗಾಳಿಯ ಲೆಕ್ಕ, ಬಿಸಿಲಿನದು ಅದರಲ್ಲಿ ಸೇರಿರುವುದಿಲ್ಲ. ಡಬ್ಬಿಗೆ ತಾಗದ ಹಾಗೆ ಒಂದು ತಗಡಿನ ಮರೆ ಕಟ್ಟಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ಇನ್ನು ಉಸಿರು. ಹಗಲು ಒಳಗಿನ ಗಾಳಿ ಹಿಗ್ಗಿ ಗ್ಯಾಸ್ಕೆಟ್ ಸಂದಿಯಿಂದ ಹೊರಗೆ ನುಸುಳುತ್ತದೆ. ಸಂಜೆ ಡಬ್ಬಿ ತಣ್ಣಗಾದಾಗ ಒಳಗೆ ಒತ್ತಡ ಇಳಿದು, ಕಡಲ ಕಡೆಯ ತೇವದ ಗಾಳಿಯನ್ನು ಉಪ್ಪಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆ ತೇವ ಬೋರ್ಡಿನ ಮೇಲೆ ಹನಿಗಟ್ಟುತ್ತದೆ. ಇದನ್ನು ತಪ್ಪಿಸಲೆಂದೇ ಇರುವುದು ವೆಂಟ್ ಪ್ಲಗ್, ಹುಡುಗ ಬರಿಯ ಸ್ಕ್ರೂ ಎಂದುಕೊಂಡಿದ್ದು ಅದನ್ನೇ. ಅದರೊಳಗಿನ ಪೊರೆ ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಅದು ಕೆಳಮುಖವಾಗಿರಬೇಕು. ಕಂಬಕ್ಕೆ ಬಣ್ಣ ಬಳಿಯುವವರು ಅದರ ಮೇಲೂ ಒಂದು ಕೈ ಎಳೆದುಬಿಟ್ಟರೆ ಮುಗಿಯಿತು.

ಐಪಿ67 ಎಂದರೆ ಧೂಳು ನುಗ್ಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ. ರಭಸದ ಪೈಪ್ ನೀರಿಗೆ ಐಪಿ66 ಬೇರೆ, ಎರಡೂ ಬರೆದಿದೆಯೇ ನೋಡಿ. ಉಪ್ಪಿನ ಮಾತು ಎರಡರಲ್ಲೂ ಇಲ್ಲ. ಕ್ಲ್ಯಾಂಪು, ಬೋಲ್ಟುಗಳಿಗೆ ತುಕ್ಕು ತಡೆಯುವ 316ಎಲ್ ಸ್ಟೀಲ್, ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಾಗದಂತೆ ತೆಳು ಲೇಪ) ಎಂದು ನಾವೇ ಬರೆಸಬೇಕು. ರಿಫೈನರಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ. ಝೋನ್ 2, ಅಂದರೆ ಯಾವಾಗಲಾದರೊಮ್ಮೆ ಉರಿಯುವ ಅನಿಲ ಸುಳಿಯಬಹುದಾದ ಜಾಗವಾದರೆ, ಆ ಝೋನಿಗೆ ಹೊಂದುವ ಎಕ್ಸ್ (Ex, ಸ್ಫೋಟ-ಸುರಕ್ಷತೆಯ) ಗುರುತಿಲ್ಲದ ಡಬ್ಬಿಯ ಮಾತೇ ಬೇಡ.

ಮಂಗಳೂರು ಕಡೆಯೂ ಇದೇ ಉಪ್ಪು, ಜೊತೆಗೆ ಆಟಿಯ ಮಳೆ. ನಮ್ಮೂರಲ್ಲಿ ಒಳ್ಳೆಯ ಐಪಿ67 ಡಬ್ಬಿಯನ್ನೇ ತರಿಸುತ್ತಾರೆ, ಆಮೇಲೆ ಆರ್‌ಜೆ45 (ಮಾಮೂಲಿ ನೆಟ್‌ವರ್ಕ್ ಕೇಬಲಿನ ಪ್ಲಗ್) ತೂರಿಸಲೆಂದು ಡ್ರಿಲ್ ಹೊಡೆದು ಎಂ-ಸೀಲ್ ಮೆತ್ತುತ್ತಾರೆ. ಅಲ್ಲಿಗೆ ಐಪಿ67 ಸ್ಟಿಕರಿನಲ್ಲಿ ಮಾತ್ರ. ಗಿಗಾಬಿಟ್‌ಗೆ ತಿರುಪಿ ಬಿಗಿಯುವ ದುಂಡನೆಯ ಎಂ12 ಎಕ್ಸ್-ಕೋಡೆಡ್ ಕನೆಕ್ಟರ್ ಹಾಕಿ, ಇಲ್ಲವೇ ಕೇಬಲಿನ ಹೊರ ವ್ಯಾಸ ಅಳೆದು ಅದಕ್ಕೆ ಸರಿಯಾದ ಗ್ಲ್ಯಾಂಡ್ (ಕೇಬಲಿನ ಸುತ್ತ ಬಿಗಿದು ಸಂದಿ ಮುಚ್ಚುವ ಬಿಡಿಭಾಗ) ತನ್ನಿ. ಖಾಲಿ ಪೋರ್ಟಿಗೆ ಸಾಗಾಟದ ಪ್ಲಾಸ್ಟಿಕ್ ಟೊಪ್ಪಿ ಸಾಲದು, ರಬ್ಬರ್ ರಿಂಗ್ ಇರುವ ಲೋಹದ ಮುಚ್ಚಳವೇ ಬೇಕು. ಕೇಬಲ್ ಒಳಹೋಗುವ ಮುಂಚೆ ಕೆಳಕ್ಕೆ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆಂಟೆನಾ ಕಂಬದ ಮೇಲೆ, ರೇಡಿಯೋ ಇರುವ ಡಬ್ಬಿ ಕೆಳಗೆ ಇಡುವ ಚಾಳಿಯೂ ಬಿಡಬೇಕು. ಎರಡರ ನಡುವಿನ ಎಲ್‌ಎಂಆರ್-400 ಆಂಟೆನಾ ಕೇಬಲ್ ಹತ್ತು ಮೀಟರಿಗೆ 5.8 ಗಿಗಾಹರ್ಟ್ಜ್‌ನಲ್ಲಿ ಸುಮಾರು 3.5 ಡೆಸಿಬಲ್ ನುಂಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ. ಡಬ್ಬಿಯನ್ನೇ ಕಂಬಕ್ಕೇರಿಸಿ, 100 ಮೀಟರಿನೊಳಗೆ ಈಥರ್ನೆಟ್ ಕೇಬಲೇ ಪಿಒಇ (ಪವರ್ ಓವರ್ ಈಥರ್ನೆಟ್) ಮೂಲಕ ಕರೆಂಟೂ ಕೊಡುತ್ತದೆ. ಬಂದರಿನ ಹತ್ತಿರವಾದರೆ ಡಿಎಫ್‌ಎಸ್ ಚಾನೆಲ್, ಅಂದರೆ ರೇಡಾರ್ ಜೊತೆ ಹಂಚಿಕೊಳ್ಳುವ ವೈಫೈ ಚಾನೆಲ್, ಬೇಡ. ರೇಡಾರ್ ಕೇಳಿಸಿದ ಕೂಡಲೇ ರೇಡಿಯೋ ಆ ಚಾನೆಲ್ ಬಿಟ್ಟೋಡುತ್ತದೆ, ಹೊಸ ಡಿಎಫ್‌ಎಸ್ ಚಾನೆಲ್ ಹಿಡಿಯಬೇಕಾದರೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು. ಅಷ್ಟರಲ್ಲಿ ಈ ವೈಫೈ ನಂಬಿಕೊಂಡ ಕ್ರೇನ್ ನಿಂತಿರುತ್ತದೆ.

"ಬರುವಾಗ ಎರಡು ಡಬ್ಬಿ ಹಿಡ್ಕೊಂಡು ಬಾ" ಎನ್ನುವವರು ಊರಲ್ಲಿ ಇದ್ದೇ ಇದ್ದಾರೆ. ಭಾರತಕ್ಕೆ ತರಲು ಆ ಮಾದರಿಗೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಇಟಿಎ, ಅಂದರೆ ಉಪಕರಣದ ಒಪ್ಪಿಗೆ, ಇರಬೇಕು. ಅಮೆರಿಕದ 915 ಮೆಗಾಹರ್ಟ್ಜ್ ವೈರ್‌ಲೆಸ್ ಸೆನ್ಸರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೂ ಆ ಆಸುಪಾಸಿನಲ್ಲಿ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865–868 ಮಾತ್ರ. ಗ್ಲ್ಯಾಂಡು, ಎಂ12 ಮುಚ್ಚಳ ಬೇಕಾದರೆ ಹೇಳಿ, ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಇದೆ.