ಧ್ಯಾನಕೂಟದ ದಿನ, ಊಟದ ನಂತರ

ಚರ್ಚ್ ನಡೆಸುವ ಪ್ರೌಢಶಾಲೆಯಲ್ಲಿ ಪಾಠಪುಸ್ತಕ ಪಕ್ಕಕ್ಕಿಟ್ಟು ಮಾತು, ಮೌನ, ಪ್ರಾರ್ಥನೆಯ ಧ್ಯಾನಕೂಟ ನಡೆಸುವ ದಿನ, ಅಸಲಿ ಪರೀಕ್ಷೆ ಊಟವಾದ ಮೇಲೆ. ಹೊಟ್ಟೆ ತುಂಬಿದ ಹದಿನೈದರ ಮಕ್ಕಳಿಗೆ ಆಗ ಭಾಷಣ ಇಟ್ಟರೆ ಹಿಂದಿನ ಸಾಲು ತೂಕಡಿಸುತ್ತದೆ, ಮುಂದಿನ ಸಾಲು ಗಡಿಯಾರ ನೋಡುತ್ತದೆ. ಮೊದಲು ಅರ್ಧ ಗಂಟೆ ಬಯಲಲ್ಲಿ ಆಟ, ಆಮೇಲೆ ಗುಂಪು ಮಾತು. ಆಟ ಇಲ್ಲಿ ಹೊತ್ತು ಕಳೆಯಲಿಕ್ಕಲ್ಲ. ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ಶಿಕ್ಷಣ ಘೋಷಣೆ ಕೂಡ ದೇಹ, ನೀತಿ, ಬುದ್ಧಿ ಮೂರೂ ಹೊಂದಿಕೊಂಡು ಬೆಳೆಯಬೇಕೆಂದೇ ಹೇಳಿತ್ತು.

40 ಮಕ್ಕಳಿದ್ದರೆ 5 ಗುಂಪು ಮಾಡಬೇಕು. ಎಂಟು ಜನರ ವೃತ್ತದಲ್ಲಿ ಎಲ್ಲರಿಗೂ ಬಾಯಿ ಬರುತ್ತದೆ. ಹನ್ನೆರಡಾದರೆ ನಾಲ್ವರು ಮಾತಾಡುತ್ತಾರೆ, ಮಿಕ್ಕವರು ತಲೆಯಾಡಿಸುತ್ತಾರೆ. ಜೊತೆಗೆ ಕೂರುವ ಶಿಕ್ಷಕರು ಆ ಮಕ್ಕಳಿಗೆ ಅಂಕ ಹಾಕುವವರಾಗಿರಬಾರದು. ಎಡವುವುದು ಹೆಚ್ಚಾಗಿ ಇಲ್ಲೇ. ಗಣಿತದ ಟೀಚರ್ ಎದುರು ಹುಡುಗ, "ಇನ್ಮೇಲೆ ಚೆನ್ನಾಗಿ ಓದ್ತೀನಿ ಮಿಸ್" ಎಂದು ಒಪ್ಪಿಸಿಬಿಡುತ್ತಾನೆ. ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟಿರುವ ಸಂಗತಿ ಗಂಟಲಲ್ಲೇ ಉಳಿಯುತ್ತದೆ.

ಶುರುವಿನಲ್ಲೇ ಹೇಳಬೇಕಾದ್ದು: "ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ಆದರೆ ಯಾರಿಗಾದರೂ ಅಪಾಯ ಇದೆ ಅನ್ನಿಸಿದರೆ, ಹೇಳಬೇಕಾದವರಿಗೆ ಹೇಳ್ತೀನಿ." ಎರಡನೇ ವಾಕ್ಯ ನುಂಗಿದವರು ಮುಂದೊಂದು ದಿನ ಮಗುವಿಗೆ ಕೊಟ್ಟ ಮಾತು ಮುರಿಯಬೇಕಾಗುತ್ತದೆ. ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯ ಗುಟ್ಟನ್ನು ಆ ಪಾದ್ರಿ ಯಾವ ಕಾರಣಕ್ಕೂ ಬಿಟ್ಟುಕೊಡುವಂತಿಲ್ಲ, ನಿಜ. ಗುಂಪಿನ ಮಾತಿಗೆ ಆ ಕಟ್ಟಳೆ ಇಲ್ಲ.

ಕೊನೆಗೆ ಮೌನ. ಜೆಸ್ಯುಯಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಹಾಕಿಕೊಟ್ಟ ಆತ್ಮಶೋಧನೆಗೆ ಐದು ಮೆಟ್ಟಿಲು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ತಪ್ಪಿಗೆ ಕ್ಷಮೆ, ನಾಳೆಯ ನಿರ್ಧಾರ. ಮೆಟ್ಟಿಲಿಗೊಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಎಳೆದರೆ ಒಬ್ಬ ಕೆಮ್ಮುತ್ತಾನೆ, ಪಕ್ಕದವನು ನಗು ತಡೆಯಲಾರ, ಅಲ್ಲಿಗೆ ಮುಗಿಯಿತು. ಬೇರೆ ಧರ್ಮದ ಮಕ್ಕಳು ಪ್ರಾರ್ಥನೆಯ ಮೆಟ್ಟಿಲಲ್ಲಿ ಸುಮ್ಮನೆ ಕೂರಬಹುದೆಂದು ಮೊದಲೇ ಹೇಳಿಡುವುದು ಒಳ್ಳೆಯದು.

ನಿರ್ಧಾರವನ್ನು ಚೀಟಿಯಲ್ಲಿ ಬರೆಸುತ್ತಾರೆ. "ಒಳ್ಳೆಯವನಾಗುತ್ತೇನೆ" ಎಂದಿದ್ದರೆ ಚೀಟಿ ವಾಪಸ್ ಕೊಡಿ. "ಶುಕ್ರವಾರದ ಆಟಕ್ಕೆ ಹೊಸ ಹುಡುಗನನ್ನೂ ಕರೆಯುತ್ತೇನೆ" ಎಂದಿದ್ದರೆ ಇಟ್ಟುಕೊಳ್ಳಿ. ಎರಡು ವಾರ ಕಳೆದ ಮೇಲೆ ಅದೇ ಶಿಕ್ಷಕರು, ಅದೇ ಎಂಟು ಮಕ್ಕಳು, ಹತ್ತು ನಿಮಿಷ ಮತ್ತೆ ಕೂರಬೇಕು. ಈ ಹತ್ತು ನಿಮಿಷವನ್ನು ಧ್ಯಾನಕೂಟಕ್ಕೂ ಮೊದಲೇ ವೇಳಾಪಟ್ಟಿಗೆ ಹಾಕಿಸಿಕೊಳ್ಳಿ; ಆಮೇಲೆ ಕೇಳಿದರೆ ಮುಗಿಯದ ಸಿಲಬಸ್ ಅದನ್ನು ನುಂಗಿರುತ್ತದೆ.